ನಕ್ಷೆಯಲ್ಲಿಲ್ಲದ ರೊಟ್ಟಿಮನೆ

ನಮ್ಮ ಊರಿನ ಗುರುಮಠದ ಚರಿತ್ರೆ ಎಂದು ಒಂದು ಪುಸ್ತಕವಿದೆ. ನುಣುಪು ಕಾಗದ, ಬಣ್ಣದ ಚಿತ್ರಗಳು, ರಟ್ಟಿನ ಮೇಲೆ ಚಿನ್ನದ ಅಕ್ಷರ. ಅದರ ಹನ್ನೊಂದನೇ ಪುಟದಲ್ಲಿ ಒಂದು ವಾಕ್ಯವಿದೆ: “1930ರಿಂದ 1999ರವರೆಗೆ ಈ ಆವರಣದಲ್ಲಿ ಯಾವ ಪವಿತ್ರ ಕಾರ್ಯವೂ ನಡೆಯಲಿಲ್ಲ.” ಅದನ್ನು ಓದಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ನನ್ನ ಅತ್ತೆ ಎಪ್ರಾಕ್ಸಿ ದುಡಿದ ಬದುಕೆಲ್ಲ ಆ ಅರವತ್ತೊಂಬತ್ತು ವರ್ಷಗಳ ಒಳಗೇ ಇತ್ತು. ಪುಸ್ತಕ ಬರೆದವರು ಬಿಟ್ಟದ್ದನ್ನು ನಾನು ಹೇಳುತ್ತೇನೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಗಂಡ ಅರ್ಷಾಕ್ ಹೇಳುತ್ತಾನೆ. ಇರಲಿ, ಇದಕ್ಕೂ ಕೋಪ ಬಾರದಿದ್ದರೆ ಮೂಗು ಇದ್ದೇನು ಪ್ರಯೋಜನ.

ಗುರುಮಠ ಕಟ್ಟಿದ್ದು 1896ರಲ್ಲಿ. ಪಾದ್ರಿಗಳಾಗುವ ಹುಡುಗರು ಓದುವುದಕ್ಕೆ ಎರಡು ಅಂತಸ್ತು, ಕೆಂಪು ಕಲ್ಲು, ಇಪ್ಪತ್ತನಾಲ್ಕು ಕಿಟಕಿ, ನಡುವೆ ಒಂದು ಪುಟ್ಟ ಗುಡಿ. ಕಟ್ಟಿದವರು ಓದುವ ಕೋಣೆ ಕಟ್ಟಿದರು, ಪುಸ್ತಕದ ಕೋಣೆ ಕಟ್ಟಿದರು, ಬಿಷಪ್ಪರು ಬಂದರೆ ಇಳಿಯಲು ಎರಡು ಕೋಣೆ ಕಟ್ಟಿದರು. ಅರವತ್ತು ಹುಡುಗರಿಗೆ ರೊಟ್ಟಿ ಎಲ್ಲಿ ಸುಡಬೇಕು ಎನ್ನುವುದು ಮಾತ್ರ ಆ ಗಂಡಸರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಎಂಟು ವರ್ಷ ಊರ ಹೆಂಗಸರು ಮನೆಯಲ್ಲಿ ಸುಟ್ಟು ತಲೆಯ ಮೇಲೆ ಹೊತ್ತುಕೊಂಡು ಹೋದರು. ಆಮೇಲೆ ಬೇಸತ್ತು ಅವರೇ ಮಠದ ಹಿತ್ತಿಲಲ್ಲಿ ಹೊಳೆಗಲ್ಲು ಪೇರಿಸಿ ಗೋಡೆ ಎಬ್ಬಿಸಿದರು, ನೆಲ ಅಗೆದು ಎದೆಮಟ್ಟದ ಮಣ್ಣಿನ ಒಲೆ ಹೂತರು. ತೋನೀರ್ ಎಂದು ನಾವು ಕರೆಯುವುದು ಅದನ್ನೇ. ಗಂಡಸರ ನಕ್ಷೆಯಲ್ಲಿ ಆ ರೊಟ್ಟಿಮನೆ ಯಾವತ್ತೂ ಇರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

1915ರಲ್ಲಿ ಪಡುವಣದ ಗಡಿಯಾಚೆ ನಮ್ಮವರ ಕಗ್ಗೊಲೆ ನಡೆದು ಜನ ಜೀವ ಹಿಡಿದುಕೊಂಡು ಓಡಿ ಬಂದಾಗ ಗುರುಮಠ ಅನಾಥಾಲಯವಾಯಿತು. ಓಡಿ ಬಂದವರಲ್ಲಿ ನನ್ನ ಅತ್ತೆಯ ತಾಯಿಯೂ ಒಬ್ಬಳು, ಅಲ್ಲಿನ ಮುಶ್ ಪಟ್ಟಣದ ಕಡೆಯವಳು. ಅವಳನ್ನು ಒಲೆಯ ಮುಂದೆ ಕೂರಿಸಿದರು, ಅವಳು ಏಳಲೇ ಇಲ್ಲ. ಎಪ್ರಾಕ್ಸಿ ಹುಟ್ಟಿದ್ದು 1918ರಲ್ಲಿ. ಹಿಟ್ಟು ನಾದುವ ಉದ್ದನೆಯ ಮರದ ಮರಿಗೆಯೇ ಅವಳಿಗೆ ತೊಟ್ಟಿಲು. ಹನ್ನೆರಡು ವರ್ಷದವಳಿದ್ದಾಗ, ದೇವರನ್ನು ಒಪ್ಪದ ಹೊಸ ಸರ್ಕಾರದವರು ಬಂದು ಮಠಕ್ಕೆ ಬೀಗ ಜಡಿದರು, ಗಂಟೆ ಇಳಿಸಿಕೊಂಡು ಹೋದರು, ಪಾಠ ಹೇಳುತ್ತಿದ್ದವರನ್ನು ಲಾರಿ ಹತ್ತಿಸಿದರು. ಕಟ್ಟಡ ಧಾನ್ಯದ ಗೋದಾಮಾಯಿತು. ಗುಡಿಯೊಳಗೆ ಬಾರ್ಲಿ ಸುರಿದರು. ಆಮೇಲೆ ಟ್ರ್ಯಾಕ್ಟರ್ ಓಡಿಸುವುದನ್ನು ಕಲಿಸುವ ಶಾಲೆಯಾಯಿತು. ಹೆಸರು ಏನೇ ಆಗಲಿ, ಒಳಗಿದ್ದವರಿಗೆ ಹಸಿವಂತೂ ಆಗುತ್ತಿತ್ತಲ್ಲ, ಹಾಗಾಗಿ ರೊಟ್ಟಿಮನೆಯ ಬೆಂಕಿ ಆರಲಿಲ್ಲ. ತಾಯಿ ಸತ್ತ ಮೇಲೆ ಎಪ್ರಾಕ್ಸಿ ಅದೇ ಜಾಗದಲ್ಲಿ ಕೂತಳು.

1956ರಲ್ಲಿ ಹುಸಿಕ್ ಎಂಬ ಮುದುಕ ಆ ಶಾಲೆಯ ಬಾಯ್ಲರ್‌ಗೆ ಕಲ್ಲಿದ್ದಲು ಹಾಕುವ ಕೆಲಸಕ್ಕೆ ಬಂದ. ಇದೇ ಮಠದಲ್ಲಿ ಓದಿ ಪಾದ್ರಿಯಾದವನು, ಲಾರಿ ಹತ್ತಿದವರಲ್ಲಿ ಒಬ್ಬ, ಜೀವಸಹಿತ ತಿರುಗಿ ಬಂದವನು ಅವನೊಬ್ಬನೇ. ಅವನ ಕೈ ಮಸಿಯಾಗಿದ್ದರೂ ದೀಕ್ಷೆ ಮಸಿಯಾಗಿರಲಿಲ್ಲ. ಒಂದು ದಿನ ಅತ್ತೆಗೆ ಹೇಳಿದನಂತೆ, “ಎಪ್ರಾಕ್ಸಿ, ಗುಡಿ ಇಲ್ಲದ ಊರಲ್ಲಿ ತೋನೀರೇ ಗುಡಿ ಅಂತ ನಮ್ಮ ಹಿರಿಯರು ಮದುವೆ ಮಾಡಿಸ್ತಿದ್ರು. ಈಗ ಇಡೀ ದೇಶಾನೇ ಗುಡಿ ಇಲ್ಲದ ಊರಾಗಿದೆ. ನಿನ್ನ ಒಲೆ ಕೊಡ್ತೀಯಾ?”

ಅತ್ತೆ ಕೊಟ್ಟಳು. ಸಿಕ್ಕಿಬಿದ್ದರೆ ಇಬ್ಬರೂ ಲಾರಿ ಹತ್ತಬೇಕಿತ್ತು. ಮನೆಯಲ್ಲಿ ಐದು ವರ್ಷದ ಅರ್ಷಾಕ್ ಇದ್ದ, ಗಂಡ ಯುದ್ಧದಿಂದ ಒಂದು ಕಾಲಿಲ್ಲದೆ ಬಂದವನು. ಆದರೂ ಕೊಟ್ಟಳು.

ಎಲ್ಲವೂ ನಡೆಯುತ್ತಿದ್ದದ್ದು ಹಾಡಹಗಲಿನಲ್ಲಿ. “ರಾತ್ರಿ ಬಂದರೆ ಸಂಶಯ, ಹಗಲು ಬಂದರೆ ರೊಟ್ಟಿ,” ಎನ್ನುತ್ತಿದ್ದ ಹುಸಿಕ್. ಹೆಂಗಸರು ಹಿಟ್ಟಿನ ಚೀಲ ಹೊತ್ತು ರೊಟ್ಟಿಮನೆಗೆ ಹೋಗುವುದನ್ನು ಯಾವ ಕಾವಲುಗಾರ ತಡೆಯುತ್ತಾನೆ? ಬರುತ್ತಿದ್ದವರೆಲ್ಲ ದೂರದವರು, ಬೆಟ್ಟದ ಆಚೆಯವರು, ಗುರುತು ಹಿಡಿಯುವವರಿಲ್ಲದ ಕಡೆ ಹುಡುಕಿಕೊಂಡು ಬಂದವರು. ಗಂಡುಹೆಣ್ಣಿನ ಕೊರಳಿಗೆ ಹುಸಿಕ್ ಕೆಂಪು ಹಸಿರು ದಾರ ಕಟ್ಟುತ್ತಿದ್ದ. ಒಲೆಯ ಸುತ್ತ ಮೂರು ಸುತ್ತು ಬಂದು, ಬಗ್ಗಿ ಒಲೆಯ ಅಂಚಿಗೆ ಮುತ್ತಿಡಬೇಕು. ಕೂಸುಗಳನ್ನು ಮೀಯಿಸಲು ಅತ್ತೆ ಒಲೆಯ ಮೇಲೆ ನೀರು ಕಾಯಿಸಿ, ತನ್ನನ್ನು ತೂಗಿದ ಅದೇ ಮರಿಗೆಗೆ ಸುರಿಯುತ್ತಿದ್ದಳು. ಕೂಸು ಅತ್ತರೆ, ಆ ಅಳು ಕೇಳಿಸದಿರಲೆಂದು, ಜೊತೆಗೆ ಬಂದು ಹೊರಗೆ ಹಿಟ್ಟು ಲಟ್ಟಿಸುತ್ತಿದ್ದ ಕೂಸಿನ ಕಡೆಯವರೇ ದೊಡ್ಡ ದನಿಯಲ್ಲಿ ಜಗಳ ತೆಗೆಯುತ್ತಿದ್ದರು.

1975ರ ಅಕ್ಟೋಬರಿನಲ್ಲಿ ನಾನು ಮನುಶಾಕ್, ಅರ್ಷಾಕನ ಹೆಂಡತಿಯಾದದ್ದೂ ಅಲ್ಲೇ. ಅಂಚಿಗೆ ಮುತ್ತಿಡಲು ಹೋಗಿ ತುಟಿ ಸುಟ್ಟುಕೊಂಡೆ. ಅತ್ತೆ ನಕ್ಕು, “ಒಳ್ಳೇದಾಯ್ತು ಬಿಡು, ಇನ್ನು ಒಂದು ವಾರ ಎದುರು ಮಾತಾಡಲ್ಲ,” ಎಂದಳು. ಹುಸಿಕ್ ಮಾತ್ರ ನಗಲಿಲ್ಲ. ನನ್ನಿಂದಲೂ ಒಂದು ಮಾತು ತೆಗೆದುಕೊಂಡ, ಅತ್ತೆಯಿಂದ ತೆಗೆದುಕೊಂಡಿದ್ದ ಅದೇ ಮಾತು: “ಹೆಸರು ಬಂದವರದ್ದು. ಹೇಳೋದಾದ್ರೆ ಅವರೇ ಹೇಳಲಿ. ನೀವು ಇನ್ನೊಬ್ಬರ ಹೆಸರು ಯಾರ ಮುಂದೂ ತೆಗೀಬಾರದು, ಕಾಲ ಬದಲಾದ್ರೂ ತೆಗೀಬಾರದು.” ನಾಲ್ಕು ವರ್ಷದ ನಂತರ ಅವನು ತೀರಿಕೊಂಡ. ಅತ್ತೆ ಆ ಮಾತನ್ನು ಹಿಡಿದುಕೊಂಡೇ ಇದ್ದಳು.

ಕಾಲ ಬದಲಾಯಿತು. 1999ರಲ್ಲಿ ಕಟ್ಟಡ ಚರ್ಚಿಗೆ ತಿರುಗಿ ಬಂತು. ಬೀಗ ತೆಗೆದ ದಿನ ಅತ್ತೆ ಗುಡಿಯ ಕಲ್ಲುಸಂದಿಯಿಂದ ಹಳೆಯ ಬಾರ್ಲಿ ಕಾಳುಗಳನ್ನು ಹೆರಳುಪಿನ್ನಿನಿಂದ ಒಂದೊಂದಾಗಿ ಕೆದಕಿ ತೆಗೆದಳು. ಆಗ ಅವಳಿಗೆ ಎಂಬತ್ತೊಂದು.

ಮಠದ ಮುಖ್ಯಸ್ಥರಾಗಿ ಬಂದವರು ಫಾದರ್ ಅನಾನಿಯಾ, ಮೂವತ್ತೈದರ ಒಳಗಿನ ವಯಸ್ಸು, ಕಪ್ಪು ಗಡ್ಡ, ಮೂರು ಭಾಷೆ ಬಲ್ಲವರು. ಅತ್ತೆ ಬಿಸಿ ರೊಟ್ಟಿ ಬಟ್ಟೆಯಲ್ಲಿ ಸುತ್ತಿಕೊಂಡು ನೋಡಲು ಹೋದಳು. ನಾನೂ ಜೊತೆಗಿದ್ದೆ.

“ನೀನು ಯಾರ ಮಗ ಕಣಪ್ಪ?” ಎಂದು ಕೇಳಿದಳು. ನಮ್ಮಲ್ಲಿ ಯಾರನ್ನು ಕಂಡರೂ ಮೊದಲು ಕೇಳುವುದು ಅದನ್ನೇ.

“ಈಗ ದೇವರ ಮಗ, ಅಜ್ಜಿ,” ಎಂದು ಅವರು ನಕ್ಕರು. “ಹುಟ್ಟಿದಾಗಿನ ಹೆಸರು ದೀಕ್ಷೆಯಲ್ಲಿ ಬಿಟ್ಟೆ.”

“ಹೆಸರು ಬಿಟ್ಟೆ ಸರಿ. ಅಮ್ಮನ್ನೂ ಬಿಟ್ಟೆಯಾ?”

“ಅಮ್ಮ ಸಿರ್ವಾರ್ದ್, ಬೆಟ್ಟದ ಆಚೆ ಇದ್ದಾರೆ. ಅಪ್ಪ ವಾರ್ಷಮ್. ಅಲ್ಲಿನ ಕಮ್ಯುನಿಸ್ಟ್ ಪಾರ್ಟಿ ಕಚೇರಿಯಲ್ಲಿ ದೊಡ್ಡ ಕೆಲಸದಲ್ಲಿದ್ದರು.”

ಅತ್ತೆ ಅವರ ಮುಖವನ್ನೇ ನೋಡುತ್ತಾ ರೊಟ್ಟಿ ಹರಿದು ಕೈಗೆ ಕೊಟ್ಟು, “ತಿನ್ನು,” ಎಂದಳಷ್ಟೆ. ಅಪ್ಪ ಪಾರ್ಟಿಯವನೆಂದು ಮುನಿಸಿಕೊಂಡಳು ಎಂದು ನಾನು ಅಂದುಕೊಂಡೆ. ನನ್ನ ಬುದ್ಧಿಗೆ ಅಷ್ಟೇ ಎಟುಕಿದ್ದು.

ಎರಡು ವರ್ಷ ರಿಪೇರಿ ನಡೆಯಿತು. 2001ರ ಬೇಸಿಗೆಯ ಕೊನೆಯಲ್ಲಿ ರಾಜಧಾನಿಯಿಂದ ಬಂದ ಎಂಜಿನಿಯರ್ ಹಳೆಯ ನಕ್ಷೆಯನ್ನು ಮೇಜಿನ ಮೇಲೆ ಹರಡಿ, “ಹಿತ್ತಿಲ ಆ ಗುಡಿಸಲು ಇದರಲ್ಲಿ ಇಲ್ಲ,” ಎಂದ. ಮೂಲ ಹೇಗಿತ್ತೋ ಹಾಗೇ ಆಗಬೇಕಂತೆ. ಮೂಲದಲ್ಲಿ ಅತಿಥಿಗಳ ಕಾರು ನಿಲ್ಲಿಸುವ ಜಾಗವೂ, ಮೇಣದಬತ್ತಿ ಮಾರುವ ಅಂಗಡಿಯೂ ಇರಲಿಲ್ಲ, ಆದರೆ ರೊಟ್ಟಿಮನೆ ಬಿದ್ದ ಮೇಲೆ ಅಲ್ಲಿ ಬರುವುದು ಅವೇ ಎರಡು. ನಾನು ನೇರ ಫಾದರ್ ಬಳಿ ಹೋದೆ. ಅತ್ತೆ ಬೇಡ ಬೇಡ ಎನ್ನುತ್ತಾ ಹಿಂದೆಯೇ ಬಂದಳು.

“ಸ್ವಾಮಿಗಳೇ, ಅದು ಬರೀ ಅಡುಗೆಮನೆ ಅಲ್ಲ,” ಎಂದೆ. “ನಿಮ್ಮ ಗುಡಿಯಲ್ಲಿ ಬಾರ್ಲಿ ತುಂಬಿದ್ದಾಗ ಮದುವೆ, ಜ್ಞಾನಸ್ನಾನ ಎಲ್ಲ ಅಲ್ಲೇ ಆಗಿದೆ. ನನ್ನ ಮದುವೇನೂ ಅಲ್ಲೇ ಆಗಿದ್ದು.”

“ಮಾಡಿಸಿದವರು ಯಾರು?”

“ಹುಸಿಕ್ ಪಾದ್ರಿ.”

“ಬಾಯ್ಲರ್ ಹುಸಿಕ್?” ಎಂದರು ಫಾದರ್. ಪಕ್ಕದಲ್ಲಿದ್ದ ಎಂಜಿನಿಯರ್ ಮುಸಿ ನಕ್ಕ. ಫಾದರ್ ನಗಲಿಲ್ಲ, ಅದಂತೂ ನಿಜ. ಪೆನ್ನು ಕೆಳಗಿಟ್ಟರು. “ನೋಡಿ ತಾಯಿ, ನಾನು ಚರಿತ್ರೆ ಬರೀತಾ ಇದ್ದೀನಿ. ದಾಖಲೆ ಬೇಕು. ನೀವು ಅಜ್ಜಿಯ ಸೊಸೆ, ಮನೆಯವರ ಸಾಕ್ಷಿ ನಿಲ್ಲಲ್ಲ. ಹೊರಗಿನವರು ಒಬ್ಬರ ಹೆಸರು ಹೇಳಿ ಸಾಕು. ಒಬ್ಬರು. ನಾನೇ ಹೋಗಿ ಕೇಳ್ತೀನಿ. ಅವರು ಹೂಂ ಅಂದ್ರೆ ಗೋಡೆಯ ಒಂದು ಕಲ್ಲು ಕೂಡ ಮುಟ್ಟಿಸಲ್ಲ.”

ನಾನು ಅತ್ತೆಯ ಕಡೆ ತಿರುಗಿದೆ. ನನಗೆ ಯಾರ ಹೆಸರೂ ಗೊತ್ತಿರಲಿಲ್ಲ, ಗೊತ್ತಿದ್ದವಳು ಅವಳೊಬ್ಬಳೇ. ಅವಳು ಫಾದರ್ ಮುಖವನ್ನೇ ನೋಡುತ್ತಿದ್ದಳು. ಬಾಯಿ ತೆರೆದಳು. ಆಮೇಲೆ ಮುಚ್ಚಿಕೊಂಡಳು.

“ಹೆಸರು ನಂದಲ್ಲ ಸ್ವಾಮಿ,” ಎಂದಳು. “ಬೇರೆ ಏನಾದ್ರೂ ಕೇಳಿ.”

ದಾರಿಯುದ್ದಕ್ಕೂ ನಾನು ಅವಳ ಮೇಲೆ ಹರಿಹಾಯ್ದೆ. “ಒಂದು ಹೆಸರು ಅತ್ತೆ, ಒಂದೇ ಒಂದು. ಹುಸಿಕ್ ಸತ್ತು ಇಪ್ಪತ್ತೆರಡು ವರ್ಷ ಆಯ್ತು. ಅವನೇನು ಎದ್ದು ಬಂದು ಕೇಳ್ತಾನಾ?”

“ಸತ್ತವನು ಬಿಡುಗಡೆ ಮಾಡೋಕೆ ಬರಲ್ಲ ಅಂತಲೇ ಮಾತು ಉಳಿಸ್ಕೋಬೇಕು ಕಣೆ,” ಎಂದಳು. “ಬದುಕಿದ್ರೆ ಬೇಡ್ಕೋಬಹುದಿತ್ತು.”

ಮಾರನೇ ಬೆಳಿಗ್ಗೆ ಎದ್ದು ನೋಡಿದರೆ ಮುದುಕಿ ಮನೆಯಲ್ಲಿಲ್ಲ. ರೊಟ್ಟಿಮನೆಯ ಹೊಗೆಕಿಂಡಿಯಿಂದ ಹೊಗೆ ಏಳುತ್ತಿತ್ತು. ಗೋಡೆ ಕೆಡವಲು ಬಂದವನು ನಮ್ಮೂರ ಗಾರೆಯವನೇ, ಬಗ್ರಾತ್. ಹೊಗೆ ಕಂಡವನೇ ಸುತ್ತಿಗೆ ಕೆಳಗಿಟ್ಟ. ಫಾದರ್ ಎಷ್ಟು ಹೇಳಿದರೂ ಕೇಳಲಿಲ್ಲ.

“ಉರಿಯೋ ಒಲೆ ಒಡೆದವನ ಮನೇಲಿ ಮುಂದೆ ಹೊಗೆ ಏಳಲ್ಲ ಸ್ವಾಮಿ. ನಂಗೆ ಮೂರು ಮಕ್ಕಳು. ಬೆಂಕಿ ಆರಲಿ, ಬರ್ತೀನಿ.”

“ಇದು ಮೂಢನಂಬಿಕೆ, ಬಗ್ರಾತ್.”

“ಇರಬಹುದು. ನಿಮಗೆ ಮಕ್ಕಳಿಲ್ಲ, ನೀವೇ ಒಡೀರಿ.”

ಹೀಗೆ ಅತ್ತೆ ಬೆಂಕಿ ಆರಿಸದೆ ಕೂತಳು. ಒಂದು ದಿನವಲ್ಲ, ಎರಡು ದಿನವಲ್ಲ, ಹನ್ನೊಂದು ದಿನ. ನಾನು ಬೆರಣಿ ಹೊತ್ತು ಹಾಕಿದೆ, ದ್ರಾಕ್ಷಿಯ ಒಣಕಡ್ಡಿ ಹೊತ್ತು ಹಾಕಿದೆ. ಊರ ಹೆಂಗಸರು ಸರದಿ ಹಾಕಿಕೊಂಡು ಹಿಟ್ಟು ತಂದರು. ಊರಿಗೆಲ್ಲ ರೊಟ್ಟಿ ಸುಟ್ಟೆವು, ಸುತ್ತಲಿನ ಹಳ್ಳಿಗಳಿಗೂ ಸುಟ್ಟೆವು, ರಿಪೇರಿ ಕೆಲಸದವರಿಗೂ ಕೊಟ್ಟೆವು. ಎಂಬತ್ತಮೂರರ ಮುದುಕಿ, ಮಂಡಿ ಊರಿ, ಒಲೆಯೊಳಗೆ ಸೊಂಟದವರೆಗೆ ಬಗ್ಗಿ ಅದರ ಒಳಗೋಡೆಗೆ ರೊಟ್ಟಿ ಬಡಿಯುತ್ತಿದ್ದಳು. “ಅತ್ತೆ, ನಾನು ಬಡೀತೀನಿ, ಏಳಿ,” ಎಂದರೆ, “ನೀನು ಬಡಿದ್ರೆ ಕೋಪಕ್ಕೇ ಸೀದು ಹೋಗುತ್ತೆ,” ಎನ್ನುತ್ತಿದ್ದಳು.

ಹನ್ನೊಂದನೇ ದಿನ ಶನಿವಾರ. ಮಾರನೇ ದಿನ ಶಿಲುಬೆ ಹಬ್ಬ, ಅಂದೇ ಗುರುಮಠದ ಪ್ರತಿಷ್ಠೆ. ಫಾದರ್ ಅನಾನಿಯಾ ಒಬ್ಬರೇ ರೊಟ್ಟಿಮನೆಗೆ ಬಂದರು. ಬಾಗಿಲು ಗಿಡ್ಡ, ಬಗ್ಗಿಯೇ ಒಳಗೆ ಬಂದರು.

“ಅಜ್ಜಿ, ನಾಳೆ ಬಲಿಪೂಜೆ ಮುಗಿದ ಮೇಲೆ ಹಂಚೋ ರೊಟ್ಟಿ ನೀವೇ ಸುಡಬೇಕು, ನೀವೇ ತಂದು ಗುಡಿಯಲ್ಲಿ ಮುಂದೆ ನಿಲ್ಲಬೇಕು. ಎಪ್ಪತ್ತೊಂದು ವರ್ಷದ ಮೇಲೆ ಮೊದಲ ಪೂಜೆ. ನೀವಿಲ್ಲದೆ ಚೆನ್ನಾಗಿರಲ್ಲ.”

“ಈ ಒಲೆ?”

“ಹಬ್ಬ ಮುಗೀಲಿ, ಆಮೇಲೆ ಮಾತಾಡೋಣ.”

ಅತ್ತೆಯ ಕಣ್ಣಲ್ಲಿ ನೀರು ಬಂತು. ಹನ್ನೆರಡನೇ ವಯಸ್ಸಿನಲ್ಲಿ ಕೇಳಿದ ಪೂಜೆಯನ್ನು ಅದೇ ಗೋಡೆಗಳ ನಡುವೆ ಇನ್ನೊಮ್ಮೆ ಕೇಳಬೇಕು ಎನ್ನುವುದೊಂದೇ ಅವಳ ಆಸೆಯಾಗಿತ್ತು. ನನಗೆ ಒಳಗೊಳಗೇ ಅನುಮಾನ. ಹೇಳಿದೆ ಕೂಡ. “ಸುಮ್ಮನಿರೇ,” ಎಂದಳು. “ನಮ್ಮ ನೆಲದಲ್ಲಿ ಹಬ್ಬದ ದಿನ ಒಲೆ ಒಡೆಯೋನು ಹುಟ್ಟಿಲ್ಲ.” ಇದೇ ಅವಳು ಮಾಡಿದ ತಪ್ಪು. ಭಾನುವಾರ ಬೆಳಿಗ್ಗೆ ಕೊನೆಯ ರೊಟ್ಟಿ ತೆಗೆದು, ಕೆಂಡದ ಮೇಲೆ ಬೂದಿ ಎಳೆದು, ಮುಚ್ಚಳ ಮುಚ್ಚಿ, ಕರಿ ಉಡುಪು ತೊಟ್ಟು ಗುಡಿಗೆ ಬಂದಳು.

ಪೂಜೆ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಶಿಲುಬೆಗೆ ಕಾಮಕಸ್ತೂರಿಯ ಗೊಂಚಲು ಸುತ್ತಿದ್ದರು, ಗುಡಿಯೆಲ್ಲ ಅದರದೇ ಪರಿಮಳ. ರಿಪೇರಿಗೆ ದುಡ್ಡು ಕೊಟ್ಟ ಮಾಸ್ಕೋದ ಶ್ರೀಮಂತರು ಮುಂದೆ, ಮಂತ್ರಿಗಳು ಅವರ ಪಕ್ಕ, ಅತ್ತೆ ರೊಟ್ಟಿಯ ಬುಟ್ಟಿ ಹಿಡಿದು ಕಂಬದ ಬಳಿ. ಫಾದರ್ ಉಪದೇಶದಲ್ಲಿ, ಈ ನಾಡಿನ ತಾಯಂದಿರ ಕೈ ತುತ್ತು ನಮ್ಮನ್ನು ಉಳಿಸಿತು ಎಂದರು. ಮುದುಕಿ ತಲೆ ತಗ್ಗಿಸಿ ಅತ್ತಳು. ಗಾಯನ ಜೋರಾಗಿತ್ತು, ಹೊಸ ಗಂಟೆ ಬೇರೆ ಬಾರಿಸುತ್ತಿದ್ದರು. ಹೊರಗಿನದೇನೂ ನಮಗೆ ಕೇಳಿಸಲಿಲ್ಲ.

ಶಿಲುಬೆ ಹಬ್ಬದಲ್ಲಿ ಪೂಜೆಯ ನಂತರ ಹೊರಗೆ ಬಂದು ನಾಲ್ಕು ದಿಕ್ಕನ್ನೂ ಹರಸಬೇಕು. ಮೊದಲು ಪೂರ್ವ, ಆಮೇಲೆ ಪಶ್ಚಿಮ, ಆಮೇಲೆ ದಕ್ಷಿಣ. ದಕ್ಷಿಣಕ್ಕೆ ಕಟ್ಟಡದ ಮೂಲೆ ತಿರುಗಿದರೆ ಹಿತ್ತಿಲು. ಅಷ್ಟು ಹೊತ್ತಿಗೆ ಎಲ್ಲ ಸಮ ಮಾಡಿ ಜಲ್ಲಿ ಹರಡಿರಬೇಕೆಂದು ಫಾದರ್ ಹೇಳಿದ್ದರಂತೆ. ಪಟ್ಟಣದಿಂದ ಬಂದ ನೆಲ ಅಗೆಯುವ ಯಂತ್ರದವನು ತಡ ಮಾಡಿದ್ದ. ಮೆರವಣಿಗೆ ಮೂಲೆ ತಿರುಗಿತು. ಗೋಡೆ ಅರ್ಧ ಬಿದ್ದಿತ್ತು. ಯಂತ್ರದ ಹಲ್ಲು ಒಲೆಯೊಳಗಿತ್ತು. ಒಡೆದ ಮಣ್ಣಿನ ನಡುವೆ ಕೆಂಡ ಇನ್ನೂ ಕೆಂಪಗಿತ್ತು.

ಅತ್ತೆ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟಳು. ಉಂಡ ಮನೆಗೆ ಎರಡು ಬಗೆಯುವುದು ಎಂದರೆ ಏನೆಂದು ಅವತ್ತು ಕಣ್ಣಾರೆ ನೋಡಿದೆ. ಹನ್ನೊಂದು ದಿನ ಆ ಒಲೆಯ ರೊಟ್ಟಿಯನ್ನು ಫಾದರ್ ಕೂಡ ತಿಂದಿದ್ದರು. ನಾನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಅತಿಥಿಗಳ ಸಾಲಿನಿಂದ ಕರಿ ಬಟ್ಟೆಯ ಒಬ್ಬ ಹೆಂಗಸು ಮುಂದೆ ಬಂದಳು. ಫಾದರ್‌ ತಾಯಿ, ಸಿರ್ವಾರ್ದ್. ಕಾಮಕಸ್ತೂರಿಯ ಕಡ್ಡಿಯೊಂದು ಅವಳ ಕೈಯಲ್ಲಿತ್ತು.

“ಮಗನೇ, ಇಲ್ಲೊಂದು ಒಲೆ ಇತ್ತಲ್ಲ,” ಎಂದಳು.

“ಅಮ್ಮ, ಆಮೇಲೆ ಮಾತಾಡೋಣ. ಅದು ಮೂಲ ನಕ್ಷೆಯಲ್ಲಿ ಇರಲಿಲ್ಲ.”

“ನೀನೂ ಇರಲಿಲ್ಲ.” ಅವಳ ದನಿ ಏರಲಿಲ್ಲ. “ನಿಮ್ಮಪ್ಪ ಇರೋವರೆಗೂ ಬಾಯಿ ಬಿಡಲ್ಲ ಅಂತ ಅವರಿಗೆ ಆಣೆ ಇಟ್ಟಿದ್ದೆ. ಅವರು ಹೋಗಿ ಇನ್ನೂ ವರ್ಷ ಆಗಿಲ್ಲ. ಇವತ್ತು ಪೂಜೆ ಆದ್ಮೇಲೆ ನಿನ್ನ ಕೈ ಹಿಡ್ಕೊಂಡು ಬಂದು ತೋರಿಸಬೇಕು ಅಂತಿದ್ದೆ. ನಮ್ಮಿಬ್ಬರ ಮದುವೆ ಆಗಿದ್ದು ಆ ಒಲೆ ಮುಂದೆ. ಎರಡು ವರ್ಷ ಬಿಟ್ಟು ನಿನ್ನನ್ನ ಹಿಟ್ಟಿನ ಚೀಲದಲ್ಲಿ ಅಡಗಿಸ್ಕೊಂಡು ಬಂದು ಜ್ಞಾನಸ್ನಾನ ಮಾಡಿಸಿದ್ದೂ ಇಲ್ಲೇ. ಈ ತಾಯಿ ನೀರು ಕಾಯಿಸಿ ಕೊಟ್ರು.” ಅತ್ತೆಯ ಕಡೆ ಕೈ ತೋರಿಸಿದಳು. ಆಮೇಲೆ ಕಲ್ಲುಗಳ ಮೇಲೆ ಹೆಜ್ಜೆ ಇಟ್ಟು ಹೋಗಿ ಒಲೆಯ ಅಂಚಿನ ಒಂದು ಚೂರು ಎತ್ತಿ ಮುತ್ತಿಟ್ಟಳು. ಅದು ಇನ್ನೂ ಬಿಸಿ ಇತ್ತು.

ಫಾದರ್ ತಿರುಗಿ ಅತ್ತೆಗೆ, “ಗೊತ್ತಿತ್ತಾ ನಿಮಗೆ? ನನ್ನ ಮುಂದೆ ಕೂತು, ಗೊತ್ತಿದ್ದೂ…” ಎಂದರು.

“ಹೆಸರು ನಂದಲ್ಲ ಅಂದೆನಲ್ಲ ಮಗ,” ಎಂದಳು ಅತ್ತೆ. ಸ್ವಾಮಿ ಎನ್ನಲಿಲ್ಲ. ಆಮೇಲೆ ಸಿರ್ವಾರ್ದ್‌ಳ ಭುಜ ಸವರಿ, “ಅಳಬೇಡ್ವೇ. ಗೊತ್ತಿಲ್ಲದೆ ಮಾಡಿದಾನೆ,” ಎಂದಳು.

“ಗೊತ್ತಿಲ್ಲದೆ ಅಲ್ಲ,” ಎಂದೆ ನಾನು, ಮಂತ್ರಿಗಳಿಗೂ ಮಾಸ್ಕೋದವರಿಗೂ ಕೇಳುವ ಹಾಗೆ. “ಹಬ್ಬದ ದಿನ, ಮುದುಕೀನ ಗುಡಿಯೊಳಗೆ ನಿಲ್ಲಿಸಿ, ಬೇಕು ಅಂತಲೇ ಮಾಡಿದ್ದು. ಅಲ್ಲಿ ಯಾರೋ ಬೇರೆಯವರ ತಾಯಿ ಮದುವೆ ಆಗಿದ್ರೆ ಪರವಾಗಿರಲಿಲ್ವಾ?” ಅರ್ಷಾಕ್ ನನ್ನ ತೋಳು ಹಿಡಿದು ಎಳೆದ. ಅವನ ಕೈ ಕೊಡವಿ ಹಾಕಿದೆ.

ವಾರದ ನಂತರ ಫಾದರ್ ನಮ್ಮ ಮನೆಗೆ ಬಂದರು. ತಮ್ಮನ್ನು ಮೀಯಿಸಿದ ಮರಿಗೆ ನೋಡಬೇಕೆಂದರು. ಹಳೆಯದಾಯಿತೆಂದು ಎಂದೋ ಮನೆಗೆ ತಂದಿಟ್ಟಿದ್ದೆವು, ಅಟ್ಟದಿಂದ ಇಳಿಸಿ ಕೊಟ್ಟೆ. ಅದರ ಪಕ್ಕ ಕೂತು ಅಂಚು ಮುಟ್ಟಿ ಮುಟ್ಟಿ ನೋಡಿದರು. “ನೀನು ಹುಸಿಕ್‌ನ ಗಡ್ಡ ಹಿಡಿದು ಎಳೆದೆ,” ಎಂದಳು ಅತ್ತೆ. “ಬಿಡಿಸೋಕೆ ಎರಡು ಜನ ಬೇಕಾಯ್ತು.” ಅವರು ಅತ್ತರು. ಕ್ಷಮಿಸಿ ಎಂದರು. ಅತ್ತೆ ಕ್ಷಮಿಸಿದಳು, ಅದು ಅವಳ ದೊಡ್ಡತನ. ಪುಸ್ತಕದಲ್ಲಿ ಏನು ಬರೆಯಲಿ ಎಂದು ಕೇಳಿದರು.

“ನೀನು ಮಾಡಿದ್ದನ್ನೇ ಬರಿ,” ಎಂದಳು.

ಆ ಚಳಿಗಾಲದಲ್ಲೇ ಅತ್ತೆ ಹೋದಳು. ಒಲೆ ಇಲ್ಲದ ಮೇಲೆ ಅವಳು ಕೂತ ಜಾಗದಲ್ಲಿ ಕೂರಲಾರದೆ ಹೋದಳು, ಬೇರೆ ಕಾಯಿಲೆ ಏನೂ ಇರಲಿಲ್ಲ. ಮುಂದಿನ ವಸಂತಕ್ಕೆ ಪುಸ್ತಕ ಬಂತು. ಹನ್ನೊಂದನೇ ಪುಟದಲ್ಲಿ ಆ ವಾಕ್ಯ, ಒಂದು ಅಕ್ಷರವೂ ಬದಲಾಗದೆ. ಮೇಲಿನವರು ಒಪ್ಪಲಿಲ್ಲವಂತೆ, ದಾನಿಗಳಿಗೆ ಮುಜುಗರವಂತೆ. ಫಾದರ್ ರಸ್ತೆಯಲ್ಲಿ ನನ್ನನ್ನು ಕಂಡರೆ ಆಚೆ ಬದಿಗೆ ಹೋಗುತ್ತಿದ್ದರು.

ರೊಟ್ಟಿಮನೆ ಇದ್ದಲ್ಲೇ ಈಗ ಆ ಅಂಗಡಿ. ಮೇಣದಬತ್ತಿಯ ಪಕ್ಕದಲ್ಲಿ ಪುಸ್ತಕದ ರಾಶಿ. ನಾನು ಪ್ರತಿ ಭಾನುವಾರ ಅಲ್ಲಿಗೆ ಹೋಗುತ್ತೇನೆ. ಇನ್ನೊಬ್ಬರ ಹೆಸರು ತೆಗೆಯುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ, ನನ್ನ ಹೆಸರು ನನ್ನದೇ. ಒಂದು ಪ್ರತಿ ಎತ್ತಿಕೊಂಡು, ಹನ್ನೊಂದನೇ ಪುಟದ ಅಂಚಿನಲ್ಲಿ ಪೆನ್ನಿನಿಂದ ಬರೆಯುತ್ತೇನೆ: “ನಾನು ಮನುಶಾಕ್, 1975ರ ಅಕ್ಟೋಬರಿನಲ್ಲಿ ಇಲ್ಲಿ ಮದುವೆಯಾದೆ. ಒಲೆ ಎಪ್ರಾಕ್ಸಿಯದು.” ಬರೆದು ಅಲ್ಲೇ ಇಟ್ಟು ಬರುತ್ತೇನೆ. ಅಂಗಡಿಯ ಹುಡುಗಿ ಮೊದಮೊದಲು ಬೈಯುತ್ತಿದ್ದಳು. ಈಗ ಪೆನ್ನು ಅವಳೇ ಕೊಡುತ್ತಾಳೆ.

ಕಳೆದ ಶಿಲುಬೆ ಹಬ್ಬದ ದಿನ, ಹಿಂದಿನ ವಾರ ನಾನು ಬರೆದಿಟ್ಟಿದ್ದ ಪ್ರತಿ ಇನ್ನೂ ಮಾರಾಟವಾಗದೆ ರಾಶಿಯ ಮೇಲೇ ಇತ್ತು. ತೆರೆದು ನೋಡಿದೆ. ನನ್ನ ಸಾಲಿನ ಕೆಳಗೆ ಇನ್ನೊಂದು ಸಾಲು ಇತ್ತು, ಓದಿದವರ ಅಚ್ಚುಕಟ್ಟಾದ ಕೈಬರಹ: “ನನಗೆ 1966ರಲ್ಲಿ ಇಲ್ಲಿ ಜ್ಞಾನಸ್ನಾನವಾಯಿತು. ಒಲೆಯನ್ನು ಒಡೆಸಿದವನು ನಾನು.” ಕೆಳಗೆ ಅವರ ಹೆಸರು. ದೀಕ್ಷೆಯ ಹೆಸರಲ್ಲ, ತಾಯಿ ಇಟ್ಟದ್ದು.

“ನೋಡಿದ್ರಾ ಅಜ್ಜಿ?” ಎಂದಳು ಹುಡುಗಿ. “ಅವರೇ ಬಂದು ಬರೆದು ಹೋದ್ರು. ಇನ್ನಾದ್ರೂ ನಿಮ್ಮ ಕೋಪ ಇಳೀತಾ?”

ನಾನು ಪುಸ್ತಕ ಮುಚ್ಚಿ ರಾಶಿಯ ಮೇಲಿಟ್ಟೆ. ಇನ್ನೊಂದು ಪ್ರತಿ ಎತ್ತಿಕೊಂಡೆ.

“ಅಚ್ಚು ಹಾಕಿಸಲಿ,” ಎಂದೆ. “ಆಮೇಲೆ ನೋಡೋಣ. ಪೆನ್ನು ಕೊಡು.”